ಜೊಂಡಿನ ಹೆಪ್ಪು

ಕಳೆದ ಚಳಿಗಾಲದಲ್ಲಿ ಮಸ್ಕತ್ತಿಗೆ ಹೋಗಿದ್ದಾಗ ದಾರ್ಸೈಟಿನ ಒಂದು ಹಳೆಯ ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದೆ. ಲಿಫ್ಟ್ ಕೆಟ್ಟಿತ್ತು. ಮೊಣಕಾಲು ಹಿಡಿದುಕೊಂಡು, ಕಟ್ಟಡದವರನ್ನು ಮನಸ್ಸಿನಲ್ಲೇ ಬೈದುಕೊಂಡು ಎರಡನೇ ಮಹಡಿ ಮುಟ್ಟುವಾಗ ಮೇಲಿನಿಂದ ಸಾನ್ನಾ ಬೇಯುವ ವಾಸನೆ ಇಳಿದು ಬಂತು. ಸಾನ್ನಾ ಎಂದರೆ ನಮ್ಮ ಕಡೆಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಹಬ್ಬಕ್ಕೆ ಮಾಡುವ ತಿಂಡಿ. ನೋಡಲು ಇಡ್ಲಿಯಂತೆಯೇ, ಆದರೆ ಇನ್ನೂ ಮೆತ್ತಗೆ, ಬಾಯಿಗಿಟ್ಟರೆ ಸ್ವಲ್ಪ ಸಿಹಿ. ಊರಿನಲ್ಲಾದರೆ ಅದರ ಹಿಟ್ಟಿಗೆ ಕಳ್ಳು ಹಾಕಿ ಉಬ್ಬಿಸುತ್ತಾರೆ. ಬೇರೆ ಯಾರಿಗಾದರೂ ಆ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ನನಗೆ ಸಿಟ್ಟು ಬಂತು. ಇಷ್ಟು ವರ್ಷವಾದರೂ ಬರುತ್ತದಲ್ಲ ಎಂದು ಇನ್ನೂ ಸ್ವಲ್ಪ ಬಂತು.

ನಾನು ಹೋಗುತ್ತಿದ್ದದ್ದು ಆ ಸಾನ್ನಾದ ಮನೆಗೇ. ಜುಲಿಯಾನಾಬಾಯಿಗೆ ಈಗ ವಯಸ್ಸಾಗಿದೆ, ಗಂಡ ಲಾರೆನ್ಸ್ ತೀರಿಕೊಂಡಿದ್ದಾರೆ, ಮಗನ ಜೊತೆ ದಾರ್ಸೈಟಿನಲ್ಲಿದ್ದಾರೆ. ನಾನು ಅವರನ್ನು ಬಲ್ಲದ್ದು ಒಮಾನಿನದೇ ಇನ್ನೊಂದು ಊರಾದ ಸೊಹಾರಿನಲ್ಲಿ, ಕೊಲ್ಲಿ ಯುದ್ಧ ಮುಗಿದ ಮರುವರ್ಷ. ಒಂದೇ ವಿಲ್ಲಾವನ್ನು ಗೋಡೆ ಹಾಕಿ ಎರಡು ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಒಂದು ಕಡೆ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಲಾರೆನ್ಸ್ ಮತ್ತು ಜುಲಿಯಾನಾಬಾಯಿ, ಇನ್ನೊಂದು ಕಡೆ ನಾವು. ನಾವು ಎಂದರೆ ಆ ವರ್ಷದ ಮಟ್ಟಿಗೆ ನಾನು, ನನ್ನ ಹೆಂಡತಿ ವನಜ, ಇನ್ನೂ ಶಾಲೆಗೆ ಸೇರದ ಮಗಳು ದೀಪಾ. ಅದಕ್ಕೆ ಮೊದಲು ನಾನೊಬ್ಬನೇ ಇದ್ದೆ. ಆಮೇಲೂ ನಾನೊಬ್ಬನೇ. ಒಟ್ಟಿಗೆ ಇದ್ದದ್ದು ಆ ಒಂದು ಬೇಸಿಗೆ, ಅದನ್ನೂ ಜೊಂಡು ತಿಂದು ಹಾಕಿತು.

ಸೊಹಾರಿನಿಂದ ಸ್ವಲ್ಪ ಹೊರಗೆ, ಹೆದ್ದಾರಿಗೂ ಕಡಲಿಗೂ ನಡುವೆ ನಾನು ಕೆಲಸ ಮಾಡುತ್ತಿದ್ದ ಫಾರ್ಮ್. ಹಾಲಿನ ಹಸುಗಳು, ಮೇವಿನ ಹೊಲ, ಒಂದಿಷ್ಟು ನಿಂಬೆ, ಖರ್ಜೂರ. ಎಂಎಸ್ಸಿಯಲ್ಲಿ ಹುದುಗುವಿಕೆಯನ್ನೇ ವಿಶೇಷವಾಗಿ ಓದಿದ ನನಗೆ ಅಲ್ಲಿ ಹಾಲಿನಲ್ಲಿ ಕೊಬ್ಬೆಷ್ಟು, ಬಾವಿ ನೀರಿನಲ್ಲಿ ಉಪ್ಪೆಷ್ಟು ಎಂದು ನೋಡುವ ಕೆಲಸ. ಹುದ್ದೆಯ ಹೆಸರು ಲ್ಯಾಬ್ ಅಸಿಸ್ಟೆಂಟ್. ಲ್ಯಾಬ್ ಎಂದರೆ ಹಾಲಿನ ಶೆಡ್ಡಿನ ಪಕ್ಕದಲ್ಲಿ ನಿಲ್ಲಿಸಿದ ಒಂದು ತಗಡಿನ ಕ್ಯಾಬಿನ್. ಅಸಿಸ್ಟೆಂಟ್ ಆದವನಿಗೆ ಹೆಂಡತಿ ಮಕ್ಕಳನ್ನು ಇಟ್ಟುಕೊಳ್ಳುವ ಫ್ಯಾಮಿಲಿ ವೀಸಾ ಸಿಗುತ್ತಿರಲಿಲ್ಲ. ಕೆಮಿಸ್ಟ್ ಆದವನಿಗೆ ಸಿಗುತ್ತಿತ್ತು. ನಡುವೆ ಇದ್ದದ್ದು ಒಂದು ಪದ, ಅದರ ಕೆಳಗೆ ನಮ್ಮ ಕಫೀಲ್, ಎಂದರೆ ನಮ್ಮನ್ನು ತಮ್ಮ ಹೆಸರಿನಲ್ಲಿ ಕರೆಸಿಕೊಂಡ ಮಾಲೀಕರು, ಹಾಕಬೇಕಾದ ಒಂದು ಸಹಿ. ವನಜ ಮತ್ತು ದೀಪಾ ಬಂದಿದ್ದದ್ದು ವಿಸಿಟ್ ವೀಸಾದಲ್ಲಿ. ಅದನ್ನು ಒಮ್ಮೆ ಮುಂದುವರಿಸಿ ಆಗಿತ್ತು, ಅಕ್ಟೋಬರಿನ ಆಚೆಗೆ ಮುಂದುವರಿಸಲು ದಾರಿಯಿರಲಿಲ್ಲ.

ಕಫೀಲ್ ವಯಸ್ಸಾದವರು, ಫಾರ್ಮಿಗೆ ಅಪರೂಪಕ್ಕೆ ಬರುವವರು. ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವನು ಅವರ ಅಣ್ಣನ ಮಗ ಖಲ್ಫಾನ್. ವಿದೇಶದಲ್ಲಿ ಕೃಷಿ ಓದಿ ಬಂದವನು, ಒಳ್ಳೆಯವನು, ಆದರೆ ತಲೆಯಲ್ಲಿ ವಾರಕ್ಕೊಂದು ಯೋಜನೆ. ನನ್ನನ್ನು ಡಾಕ್ಟರ್ ಎಂದು ಕರೆಯುತ್ತಿದ್ದ. ಡಾಕ್ಟರ್ ಎಂದು ಕರೆಯುವುದಕ್ಕೆ ಯಾರ ಸಹಿಯೂ ಬೇಡವಲ್ಲ.

ಹಸುಗಳ ಶೆಡ್ ತೊಳೆದ ನೀರು, ಹೊಲದಿಂದ ಬಸಿದ ನೀರು ಎಲ್ಲ ಹೋಗಿ ಕಡಲ ಬದಿಯ ತಗ್ಗಿನಲ್ಲಿ ನಿಲ್ಲುತ್ತಿತ್ತು. ಅಲ್ಲಿ ಜೊಂಡು ಎದ್ದಿತ್ತು. ನಮ್ಮ ಊರಿನ ಕೆರೆಯಂಚಿನಲ್ಲಿ ಚೆಂದಕ್ಕೆ ನಾಲ್ಕು ದಂಟು ನಿಲ್ಲುವ ಜೊಂಡಲ್ಲ ಅದು. ಆಳೆತ್ತರ, ಆನೆ ನುಗ್ಗಿದರೂ ಕಾಣದಷ್ಟು ದಟ್ಟ. ಚರಂಡಿಯ ಬಾಯಿ ಮುಚ್ಚಿ ನೀರು ಹಿಂದಕ್ಕೆ ಬಂದು ಹಸುಗಳ ಕಾಲಡಿ ನಿಲ್ಲುತ್ತಿತ್ತು. ಯಂತ್ರ ತರಿಸಿ ಕತ್ತರಿಸಿದರು, ಕೆಲವೇ ವಾರಗಳಲ್ಲಿ ಮತ್ತೆ ಎದ್ದಿತು. ಸುಟ್ಟರು, ಇನ್ನಷ್ಟು ಹಸಿರಾಗಿ ಎದ್ದಿತು. ಆಗ ಖಲ್ಫಾನ್ ಯಾವುದೋ ಪತ್ರಿಕೆ ಹಿಡಿದುಕೊಂಡು ನನ್ನ ಕ್ಯಾಬಿನ್ನಿಗೆ ಬಂದ.

"ಡಾಕ್ಟರ್, ಈ ಹುಲ್ಲಿನಿಂದ ಪೆಟ್ರೋಲ್ ತೆಗೆಯಲಿಕ್ಕೆ ಆಗ್ತದಾ?"

ಅವನದು ಇಂಗ್ಲಿಷ್ ಬೆರೆಸಿದ ಹಿಂದಿ. ನಾನು ನಕ್ಕುಬಿಟ್ಟೆ. ಕುಡಿಯುವ ನೀರಿಗಿಂತ ಪೆಟ್ರೋಲ್ ಅಗ್ಗವಾಗಿದ್ದ ದೇಶದಲ್ಲಿ ಹುಲ್ಲಿನಿಂದ ಪೆಟ್ರೋಲ್! ಪೆಟ್ರೋಲ್ ಅಲ್ಲ, ಸ್ಪಿರಿಟ್ ತೆಗೆಯಬಹುದು, ಅದರಲ್ಲಿ ಸಣ್ಣ ಎಂಜಿನ್ ಓಡಿಸಬಹುದು, ಆದರೆ ಯಾಕೆ ಎಂದೆ.

"ಎಣ್ಣೆ ಒಂದು ದಿನ ಮುಗಿಯುತ್ತದೆ, ಜೊಂಡು ಮುಗಿಯುವುದಿಲ್ಲ," ಎಂದ. ಆಮೇಲೆ ನನ್ನ ಮುಖ ನೋಡಿ, "ಈ ನೀರಿನ ಪಂಪನ್ನು ನಿನ್ನ ಸ್ಪಿರಿಟ್‌ನಲ್ಲಿ ಓಡಿಸು. ಓಡಿದ ದಿನವೇ ಚಿಕ್ಕಪ್ಪನ ಸಹಿ ಹಾಕಿಸಿಕೊಡ್ತೇನೆ. ಕೆಮಿಸ್ಟ್. ಫ್ಯಾಮಿಲಿ ಸ್ಟೇಟಸ್. ಖಲಾಸ್," ಎಂದ.

"ಪರ್ಮಿಶನ್?" ಎಂದು ಕೇಳಿದೆ. ಸ್ಪಿರಿಟ್ ಎಂದರೆ ಕುಡಿಯುವುದಕ್ಕೂ ಅದೇ, ಎಂಜಿನ್ನಿಗೂ ಅದೇ. ಈ ದೇಶದಲ್ಲಿ ಅದನ್ನು ಹೇಳದೆ ಕೇಳದೆ ಕಾಯಿಸುವುದು ಹುಡುಗಾಟವಲ್ಲ.

"ಮಾಫಿ ಮುಶ್ಕಿಲ್, ಏನೂ ತೊಂದರೆ ಇಲ್ಲ. ಚಿಕ್ಕಪ್ಪನಿಗೆ ನಾನು ಹೇಳ್ತೇನೆ. ಯಲ್ಲಾ, ನೀನು ಶುರು ಮಾಡು."

ನಾನು ಶುರು ಮಾಡಿದೆ. ಮನೆಗೆ ಹೋಗಿ ವನಜಳಿಗೆ ಹೇಳಿದಾಗ ಅವಳು ಮೊದಲು ಕೇಳಿದ್ದು, "ದೀಪಾಳನ್ನು ಇಲ್ಲಿಯದೇ ಶಾಲೆಗೆ ಹಾಕ್ಬಹುದಾ ಹಾಗಾದ್ರೆ?" ಎಂದು. ಹಾಕಬಹುದು ಎಂದೆ. ಮರುದಿನವೇ ಅವಳು ಮಗಳಿಗೆ ಇಂಗ್ಲಿಷ್ ಅಕ್ಷರ ತಿದ್ದಿಸತೊಡಗಿದಳು.

ಹೇಳಲಿಕ್ಕೆ ಕೆಲಸ ಸುಲಭ. ಜೊಂಡು ಕತ್ತರಿಸಿ ಒಣಗಿಸಬೇಕು, ಮೇವು ಕೊಚ್ಚುವ ಯಂತ್ರದಲ್ಲಿ ಪುಡಿ ಮಾಡಬೇಕು, ತೆಳು ಆ್ಯಸಿಡ್ಡಿನಲ್ಲಿ ಕುದಿಸಬೇಕು. ಆಗ ಅದರೊಳಗಿನ ನಾರು ಒಡೆದು ಸಕ್ಕರೆ ನೀರಿಗೆ ಬರುತ್ತದೆ. ಸುಣ್ಣ ಹಾಕಿ ಆ್ಯಸಿಡ್ಡಿನ ಹುಳಿ ತೆಗೆದು, ಸೋಸಿ, ತಣಿಸಿ, ಯೀಸ್ಟ್ ಬಿಡಬೇಕು. ಯೀಸ್ಟ್ ಸಕ್ಕರೆ ತಿಂದು ಸ್ಪಿರಿಟ್ ಮಾಡುತ್ತದೆ. ಅದನ್ನು ಕಾಯಿಸಿ ಆವಿ ಹಿಡಿದರೆ ಆಯಿತು. ಪುಸ್ತಕದಲ್ಲಿ ಅರ್ಧ ಪುಟ.

ನನ್ನಲ್ಲಿದ್ದದ್ದು ಗ್ಯಾರೇಜಿನಿಂದ ತಂದ ಬ್ಯಾಟರಿ ಆ್ಯಸಿಡ್, ಹಾಲಿನ ಹಳೆಯ ಕ್ಯಾನು, ಕೆಟ್ಟ ಏಸಿಯಿಂದ ಬಿಚ್ಚಿದ ತಾಮ್ರದ ಕೊಳವೆ, ಬೇಕರಿಯಿಂದ ಕೇಳಿ ತಂದ ಯೀಸ್ಟ್. ಮೇ ಮುಗಿಯುವಷ್ಟರಲ್ಲಿ ಸೊಹಾರಿನ ಸೆಕೆ ಕಾಯಿಸಿದ ಕಂಬಳಿ ಹೊದಿಸಿದ ಹಾಗೆ ಬಂದು ಕೂತಿತು. ಒಣ ಬಿಸಿಲಾದರೆ ನೆರಳಿಗೆ ಹೋಗಬಹುದು. ಕಡಲ ಬದಿಯ ಆ ಒದ್ದೆ ಸೆಕೆಗೆ ನೆರಳೇ ಇಲ್ಲ. ಬೆಳಿಗ್ಗೆ ಕ್ಯಾಬಿನ್ನಿನ ಬಾಗಿಲು ತೆಗೆಯುವಾಗ ಕನ್ನಡಕ ಮಂಜಾಗಿ ಕುರುಡನಂತೆ ನಿಲ್ಲುತ್ತಿದ್ದೆ. ನನಗೇ ಹಾಗಾದರೆ ಯೀಸ್ಟಿನ ಗತಿ ಏನು? ಡ್ರಮ್ಮಿಗೆ ಒದ್ದೆ ಗೋಣಿ ಸುತ್ತಿದೆ, ಐಸ್ ತುಂಬಿದ ಚೀಲ ಇಳಿಬಿಟ್ಟೆ. ಬಿಟ್ಟ ಯೀಸ್ಟೆಲ್ಲ ಸತ್ತು ತಳದಲ್ಲಿ ಕೆಸರಾಗಿ ಕೂರುತ್ತಿತ್ತು.

ಸೆಕೆ ಒಂದೇ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಆ ತಗ್ಗಿನ ನೀರು ಉಪ್ಪು. ಸುತ್ತಮುತ್ತ ಎಲ್ಲರೂ ಬಾವಿಯಿಂದ ಪಂಪ್ ಹಾಕಿ ಎಳೆದೂ ಎಳೆದೂ ಕಡಲೇ ನೆಲದಡಿಯಿಂದ ಒಳಗೆ ಬಂದಿತ್ತು. ಜೊಂಡು ಆ ಉಪ್ಪನ್ನೇ ಕುಡಿದು ಬೆಳೆದದ್ದು. ಕುದಿಸಿದ ರಸವನ್ನು ನಾಲಗೆಗೆ ತಾಗಿಸಿದರೆ ಸಿಹಿಗಿಂತ ಮೊದಲು ಉಪ್ಪು ಹತ್ತುತ್ತಿತ್ತು. ಜೊತೆಗೆ ಆ್ಯಸಿಡ್ಡಿನಲ್ಲಿ ಹೆಚ್ಚು ಕುದಿಸಿದರೆ ಯೀಸ್ಟಿಗೆ ವಿಷವಾಗುವಂಥದ್ದೇನೋ ಹುಟ್ಟುತ್ತದೆ, ಕಡಿಮೆ ಕುದಿಸಿದರೆ ಸಕ್ಕರೆಯೇ ಬರುವುದಿಲ್ಲ. ಜೂನ್ ಹೀಗೆ ಹೋಯಿತು. ಜುಲೈ ಹೀಗೇ ಹೋಯಿತು. ಕೈಯ ಚರ್ಮ ಸುಣ್ಣ ತಿಂದು ಸುಲಿಯಿತು. ಪ್ಯಾಂಟುಗಳಲ್ಲಿ ಆ್ಯಸಿಡ್ಡಿನ ತೂತು. ಮನೆಗೆ ಹೋದರೆ ಮಗಳು ಮೂಗು ಮುಚ್ಚಿಕೊಳ್ಳುತ್ತಿದ್ದಳು.

"ನನ್ನ ಇಡ್ಲಿ ಹಿಟ್ಟು ಇಲ್ಲಿ ಬೆಳಗ್ಗೆ ಕಡೆದಿಟ್ರೆ ಮಧ್ಯಾಹ್ನಕ್ಕೆ ಪಾತ್ರೆಯಿಂದ ಹೊರಗೆ ಬರ್ತದೆ," ಎನ್ನುತ್ತಿದ್ದಳು ವನಜ. "ನಿಮ್ಮದೊಂದು ಎಂತ ಹಠ ಮಾರಾಯ್ರೆ, ಉಬ್ಬುದೇ ಇಲ್ಲ."

ಅವಳು ತಮಾಷೆಗೆ ಹೇಳುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಖಲ್ಫಾನ್ ಎರಡು ದಿನಕ್ಕೊಮ್ಮೆ ಜೀಪಿನಿಂದ ಇಳಿಯದೆಯೇ ಕಿಟಕಿಯಿಂದ ತಲೆ ಹಾಕಿ, "ಡಾಕ್ಟರ್, ಪೆಟ್ರೋಲ್?" ಎಂದು ಕೇಳುತ್ತಿದ್ದ. ಇಲ್ಲ ಎಂದರೆ, "ಇನ್ಶಾ ಅಲ್ಲಾ" ಎಂದು ಕಿಟಕಿ ಏರಿಸಿಕೊಂಡು ಏಸಿಯೊಳಗೆ ಹೋಗಿಬಿಡುತ್ತಿದ್ದ.

ಜುಲೈ ಕೊನೆಗೆ ನಾನು ಎರಡು ಕೆಲಸ ಮಾಡಿದೆ. ಒಂದು, ಎಲೆ ಬಿಟ್ಟು ಗೆಡ್ಡೆ ಹಿಡಿದೆ. ಜೊಂಡಿನ ಕೆಸರೊಳಗಿನ ಗೆಡ್ಡೆಯಲ್ಲಿ ಗೆಣಸಿನ ಹಾಗೆ ಹಿಟ್ಟು ತುಂಬಿರುತ್ತದೆ. ಹಿಟ್ಟನ್ನು ಸಕ್ಕರೆ ಮಾಡುವುದು ನಾರನ್ನು ಸಕ್ಕರೆ ಮಾಡಿದಷ್ಟು ಕಷ್ಟವಲ್ಲ. ಗೆಡ್ಡೆ ಕಿತ್ತರೆ ಜೊಂಡು ಮತ್ತೆ ಏಳುವುದೂ ಇಲ್ಲ. ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ತಲೆ ಚಚ್ಚಿಕೊಂಡೆ. ಇನ್ನೊಂದು, ಯೀಸ್ಟನ್ನು ಪಳಗಿಸಲು ಕೂತೆ. ಸಕ್ಕರೆ ನೀರಿಗೆ ಚಿಟಿಕೆ ಉಪ್ಪು ಹಾಕಿ ಬೆಳೆಸುವುದು, ಬದುಕುಳಿದದ್ದನ್ನು ಇನ್ನೂ ಸ್ವಲ್ಪ ಉಪ್ಪಿನ, ಇನ್ನೂ ಸ್ವಲ್ಪ ಬಿಸಿಯ ನೀರಿಗೆ ಬಿಡುವುದು, ಅದರಲ್ಲೂ ಬದುಕಿದ್ದನ್ನು ಮತ್ತೆ. ದಿನ ಬಿಟ್ಟು ದಿನ ಇದೇ. ಆಗಸ್ಟ್ ನಡುವಿಗೆ ನನ್ನ ಕೈಯಲ್ಲಿ ಒಂದು ತಳಿ ನಿಂತಿತು. ಸೊಹಾರಿನ ಸೆಕೆಯಲ್ಲೂ, ಆ ಹಾಳು ಉಪ್ಪಿನಲ್ಲೂ ನೊರೆ ಎಬ್ಬಿಸುವ ಯೀಸ್ಟ್. ಗೆಡ್ಡೆಯ ರಸದ ಸಣ್ಣ ಬಾಟಲಿಗೆ ಬಿಟ್ಟೆ. ಮರುದಿನ ಬೆಳಿಗ್ಗೆ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಕ್ಯಾಬಿನ್ನಿನಲ್ಲಿ ಒಬ್ಬನೇ ನಿಂತು ಕೈ ತಟ್ಟಿದೆ. ಆ ವರ್ಷ ನಾನು ಕೈ ತಟ್ಟಿದ್ದು ಅದೊಂದೇ ಸಲ.

ತಾಯಿ ಯೀಸ್ಟನ್ನು ಸಕ್ಕರೆ ಉಪ್ಪಿನ ನೀರಿನಲ್ಲಿ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿ ಮನೆಯ ಫ್ರಿಜ್ಜಿನಲ್ಲಿಟ್ಟೆ. ಕ್ಯಾಬಿನ್ನಿನ ಕರೆಂಟಿನ ಮೇಲೆ ನನಗೆ ನಂಬಿಕೆಯಿರಲಿಲ್ಲ. ಫ್ರಿಜ್ಜಿನಲ್ಲಿ ಅದರ ಪಕ್ಕದಲ್ಲೇ ವನಜಳ ಮೊಸರಿನ ಹೆಪ್ಪಿನ ಬಟ್ಟಲು. "ಇದೂ ಹೆಪ್ಪಾ?" ಎಂದು ಕೇಳಿದ್ದಳು. ತಲೆ ಕೆಟ್ಟಿದ್ದ ನಾನು "ಹೂಂ, ಅಂಥದ್ದೇ" ಎಂದಿದ್ದೆ.

ಸೆಪ್ಟೆಂಬರ್ ಎಂಟಕ್ಕೆ ಜುಲಿಯಾನಾಬಾಯಿಯ ಮನೆಯಲ್ಲಿ ಮೊಂತಿ ಫೆಸ್ತ್, ಮಾತೆ ಮರಿಯಮ್ಮನ ಹಬ್ಬ. ಹೊಸ ಅಕ್ಕಿಯ ಊಟ, ಸಾನ್ನಾ ಆಗಲೇಬೇಕು. ಒಮಾನಿನಲ್ಲಿ ಕಳ್ಳು ಎಲ್ಲಿಂದ ತರುವುದು? ಆಚೆ ವರ್ಷ ಸೋಡಾ ಹಾಕಿ ಮಾಡಿ ಕಲ್ಲಿನಂಥ ಸಾನ್ನಾ ತಿಂದಿದ್ದರಂತೆ. ನಮ್ಮ ಫ್ರಿಜ್ಜಿನಲ್ಲಿ ಉಬ್ಬಿಸುವಂಥದ್ದೇನೋ ಉಂಟು ಎಂದು ತಿಳಿದು ಹಬ್ಬದ ಮುನ್ನಾದಿನ ಬಟ್ಟಲು ಹಿಡಿದು ಬಂದರು. ನಮ್ಮ ಕಡೆ ನೆರೆಯವರು ಹೆಪ್ಪು ಕೇಳಿದರೆ ಇಲ್ಲ ಎನ್ನುವ ಪದ್ಧತಿಯೇ ಇಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಕೊಡಬಾರದು, ಅಷ್ಟೆ. ದೀಪ ಹಚ್ಚಲು ಇನ್ನೂ ಹೊತ್ತಿತ್ತು.

ನಾನು ಬಂದು ಫ್ರಿಜ್ ತೆಗೆದೆ.

"ಈ ಬಾಟಲಿ ಅರ್ಧ ಆದದ್ದು ಹೇಗೆ?"

"ಜುಲಿಯಾನಾಬಾಯಿ ಕೇಳಿದ್ರು. ಕೊಟ್ಟೆ."

"ಕೊಟ್ಟೆ ಅಂದ್ರೆ? ಎಂತ ಕೊಟ್ಟದ್ದು ನೀನು?"

"ಹೆಪ್ಪು. ಅವರ ಹಬ್ಬ ಅಲ್ವಾ."

"ಅದು ಹೆಪ್ಪಲ್ಲ ಮಾರಾಯ್ತಿ, ಅದು ಕಲ್ಚರ್! ಮೂರು ತಿಂಗಳು ಸತ್ತು ಸತ್ತು ಮಾಡಿದ್ದು ಗೊತ್ತುಂಟಾ ನಿಂಗೆ?"

"ಹೆಸರು ಎಂತಾದ್ರೂ ಇರ್ಲಿ. ಹಾಕಿದ್ರೆ ಉಬ್ತದಲ್ಲ? ಮತ್ತೆ ಹೆಪ್ಪಲ್ಲದೆ ಎಂತದು?" ಎಂದಳು. "ಅರ್ಧ ಉಳ್ಸಿದ್ದೇನಲ್ಲ. ಅದಕ್ಕೆ ಸಕ್ಕರೆ ನೀರು ಹಾಕಿದ್ರೆ ನಾಳೆಗೆ ಮೊದಲಿನಷ್ಟೇ ಆಗುದಿಲ್ವಾ?"

ಆಗುತ್ತದೆ. ವಿಜ್ಞಾನದ ಲೆಕ್ಕದಲ್ಲೂ ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅದಕ್ಕೇ ನನ್ನ ಕೂಗು ಇನ್ನೂ ಏರಿತು. ಗೋಡೆಯಾಚೆ ಜುಲಿಯಾನಾಬಾಯಿಗೆ ಕೇಳುವಷ್ಟು ಕೂಗಿದೆ. ಮಗಳು ಅಕ್ಷರ ಬರೆಯುವುದನ್ನು ನಿಲ್ಲಿಸಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬಾಟಲಿಯನ್ನು ಎತ್ತಿಕೊಂಡು ಆ ಕ್ಷಣವೇ ಫಾರ್ಮಿಗೆ ಹೋಗಿ ಕ್ಯಾಬಿನ್ನಿನ ಫ್ರಿಜ್ಜಿನಲ್ಲಿಟ್ಟು ಬೀಗ ಹಾಕಿದೆ. ಇನ್ನು ಯಾರು ಕೇಳುತ್ತಾರೋ ನೋಡೋಣ ಎಂದುಕೊಂಡೆ.

ಹಬ್ಬದ ದಿನ ಲಾರೆನ್ಸ್ ಬಾಳೆಲೆ ಮುಚ್ಚಿದ ತಟ್ಟೆ ತಂದುಕೊಟ್ಟರು. ಬಾಳೆಲೆಯನ್ನು ಎಲ್ಲಿಂದ ಹುಡುಕಿದರೋ. ಸಾನ್ನಾ ಹತ್ತಿಯಂತೆ ಉಬ್ಬಿತ್ತು. ಹೆಂಡತಿ ಮಗಳು ಇಷ್ಟಪಟ್ಟು ತಿಂದರು. ನಾನು ಒಂದನ್ನು ಮುರಿದು ಅದರೊಳಗಿನ ತೂತುಗಳನ್ನು ನೋಡುತ್ತ ಕೂತೆ. ನನ್ನ ಯೀಸ್ಟ್ ಮೊದಲು ದುಡಿದದ್ದು ಯಾರ ಮನೆಯ ಹಬ್ಬಕ್ಕೋ ಎಂದು ಹೊಟ್ಟೆ ಉರಿಯಿತು. ವನಜ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು.

ಆಗ ಅಲ್ಲಿ ವಾರದ ರಜೆ ಗುರುವಾರ, ಶುಕ್ರವಾರ. ಹಬ್ಬ ಕಳೆದ ನಂತರದ ರಜೆಯಲ್ಲಿ ಎರಡು ದಿನ ಕರೆಂಟ್ ನಿಲ್ಲಿಸಿ ಫಾರ್ಮಿನ ಜನರೇಟರ್ ರಿಪೇರಿ ಮಾಡಿದರು. ಹಾಲನ್ನೆಲ್ಲ ಮೊದಲೇ ಲಾರಿಗೆ ತುಂಬಿ ಸಾಗಿಸಿದ್ದರು. ತಗಡಿನ ಕ್ಯಾಬಿನ್ ಯಾರಿಗೂ ನೆನಪಾಗಲಿಲ್ಲ, ನೆನಪಾಗಿದ್ದರೂ ಅದಕ್ಕೆ ನಾನೇ ಜಡಿದ ಬೀಗವಿತ್ತು. ಶನಿವಾರ ಬಾಗಿಲು ತೆಗೆದರೆ ಒಳಗೆ ಒಲೆ. ಫ್ರಿಜ್ಜಿನೊಳಗಿನ ಬಾಟಲಿ ಕೈಗೆ ಬಿಸಿಯಾಗಿ ತಾಗಿತು. ಸೂಕ್ಷ್ಮದರ್ಶಕದಲ್ಲಿ ನೋಡಲು ನೀಲಿ ಬಣ್ಣದ ಹನಿ ಬಿಟ್ಟೆ. ಬದುಕಿದ ಯೀಸ್ಟ್ ಆ ಬಣ್ಣವನ್ನು ಒಳಗೆ ಉಳಿಸಿಕೊಳ್ಳುವುದಿಲ್ಲ, ಸತ್ತದ್ದು ನೀಲಿಯಾಗುತ್ತದೆ. ಎಲ್ಲಿ ನೋಡಿದರೂ ನೀಲಿ. ಬಾಟಲಿಯ ಮೇಲಿನದು, ತಳದ್ದು, ಸಣ್ಣ ಕೊಳವೆಗಳಲ್ಲಿಟ್ಟದ್ದು, ಎಲ್ಲ ನೀಲಿ. ಮನೆಯ ಫ್ರಿಜ್ಜಿನಲ್ಲೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ.

ಮಧ್ಯಾಹ್ನ ಮನೆಗೆ ಬಂದು ಸುಮ್ಮನೆ ಗೋಡೆ ನೋಡುತ್ತ ಕೂತೆ. ಅಕ್ಟೋಬರ್ ಹತ್ತಿರವಿತ್ತು, ಮತ್ತೆ ಮೊದಲಿನಿಂದ ಪಳಗಿಸಲು ಸಮಯವಿರಲಿಲ್ಲ. ವನಜ ತೊಂಡೆಕಾಯಿ ಹೆಚ್ಚುತ್ತಿದ್ದಳು. ಕೇಳಿದಳು, ಹೇಳಿದೆ. 

"ಜುಲಿಯಾನಾಬಾಯಿ ಪ್ರತಿ ಸಲ ಹಿಟ್ಟು ಸ್ವಲ್ಪ ತೆಗ್ದಿಡ್ತಾರೆ, ಮುಂದಿನ ಸಲಕ್ಕೆ," ಎಂದಳು, ತಲೆ ಎತ್ತದೆ. "ನಿನ್ನೆಯೂ ಮಾಡಿದ್ರು."

"ನಾನು ಹೋಗುದಿಲ್ಲ."

"ಬೇಡ. ನನ್ನ ಸೀರೆ ಎಲ್ಲ ಪೆಟ್ಟಿಗೆಗೆ ತುಂಬಿಸ್ಲಿಕ್ಕೆ ಶುರು ಮಾಡ್ತೇನೆ ಹಾಗಾದ್ರೆ."

ಹೋದೆ. ಕೂಗಿದ್ದನ್ನೆಲ್ಲ ಕೇಳಿಸಿಕೊಂಡಿದ್ದ ಹೆಂಗಸಿನ ಬಾಗಿಲಲ್ಲಿ ಖಾಲಿ ಬಟ್ಟಲು ಹಿಡಿದು ನಿಂತೆ.

"ಬನ್ನಿ ಸದಾನಂದಣ್ಣ," ಎಂದರು ಜುಲಿಯಾನಾಬಾಯಿ. "ಕಲ್ಚರ್ ಬೇಕಾ?" ಎಂದು ಬಾಯಿಗೆ ಸೆರಗು ಅಡ್ಡ ಇಟ್ಟು ನಕ್ಕರು. ಬಟ್ಟಲು ತುಂಬಿಸಿಕೊಟ್ಟರು. "ಇನ್ನೂ ಉಂಟು, ಬೇಕಾದ್ರೆ ಪುನಃ ಬನ್ನಿ. ದೇವರು ಜೆಜು ನಿಮ್ಗೆ ಒಳ್ಳೇದು ಮಾಡ್ಲಿ."

ಅಕ್ಕಿ ಹಿಟ್ಟಿನಲ್ಲಿ ಅಷ್ಟರಲ್ಲಿ ಏನೇನೋ ಸೇರಿಕೊಂಡಿತ್ತು. ಅದನ್ನು ಬೇರೆ ಮಾಡಿ, ಉಪ್ಪು ನೀರಿನಲ್ಲಿ ಸೋಸಿ ಸೋಸಿ, ತಡೆದು ನಿಂತದ್ದನ್ನು ಮಾತ್ರ ಬೆಳೆಸಿದೆ. ಅದೇ ಯೀಸ್ಟ್. ಸೆಕೆಗೆ ಬಗ್ಗಲಿಲ್ಲ, ಉಪ್ಪಿಗೂ ಬಗ್ಗಲಿಲ್ಲ. ಗೆಡ್ಡೆಯ ರಸ ತುಂಬಿದ ಡ್ರಮ್ಮಿಗೆ ಬಿಟ್ಟ ಮರುದಿನ ನೊರೆ ಮುಚ್ಚಳ ಎತ್ತಿತು. ಸೆಪ್ಟೆಂಬರ್ ಕಳೆಯುವಾಗ ಹಾಲಿನ ಕ್ಯಾನಿನ ತಾಮ್ರದ ಮೂಗಿನಿಂದ ನೀರಿನಷ್ಟು ತಿಳಿಯಾದ ಹನಿ ಬೀಳತೊಡಗಿತು. ಮತ್ತೆ ಮತ್ತೆ ಕಾಯಿಸಿ ಗಟ್ಟಿ ಮಾಡಿದೆ. ಯಾರೂ ಕುಡಿಯಬಾರದೆಂದು ಆಗಿಂದಾಗಲೇ ಅದಕ್ಕೆ ಪೆಟ್ರೋಲ್ ಬೆರೆಸಿಬಿಡುತ್ತಿದ್ದೆ. ಖಲ್ಫಾನ್ ಮಾತ್ರ, "ಒಂದು ಬಾಟಲಿ ಹಾಗೇ ಇಡು ಡಾಕ್ಟರ್, ಚಿಕ್ಕಪ್ಪನಿಗೆ ತೋರಿಸಬೇಕು, ಹುಲ್ಲಿನಿಂದ ಇಷ್ಟು ಸ್ವಚ್ಛ ಬಂತು ಅಂತ," ಎಂದ. ಬೇಡ ಎಂದೆ. ಕೇಳಲಿಲ್ಲ.

ಪಂಪ್ ಓಡಿಸಿದ ದಿನ ಬೆಳಿಗ್ಗೆ ಕಫೀಲ್ ಬಂದರು. ಮೈಮೇಲೆ ದಿಶ್‌ದಾಶಾ ಎಂಬ ಬಿಳಿ ನಿಲುವಂಗಿ, ಕೈಯಲ್ಲಿ ತೆಳ್ಳನೆಯ ಬೆತ್ತ. ಪಂಪಿನ ಹಗ್ಗ ಎಳೆದೆ. ಕೆಮ್ಮಿತು, ನಿಂತಿತು. ಇನ್ನೊಮ್ಮೆ ಎಳೆದೆ. ಹಿಡಿದುಕೊಂಡಿತು. ತಗ್ಗಿನ ಕೊಳೆನೀರು ಪೈಪಿನ ಬಾಯಿಂದ ಹಾರಿ ಮೇವಿನ ಕಾಲುವೆಗೆ ಬಿತ್ತು. ಖಲ್ಫಾನ್ ನನ್ನನ್ನು ತಬ್ಬಿಕೊಂಡ. ಮುದುಕರು ನಕ್ಕು ಬೆತ್ತದ ತುದಿಯಿಂದ ನೀರನ್ನು ಮುಟ್ಟಿದರು. ನಾನು ಮನಸ್ಸಿನಲ್ಲಿ ಆಗಲೇ ಮಗಳನ್ನು ಸ್ಕೂಲಿನ ವ್ಯಾನು ಹತ್ತಿಸುತ್ತಿದ್ದೆ.

ಆಗ ಖಲ್ಫಾನ್ ಆ ತಿಳಿ ಬಾಟಲಿಯನ್ನು ಅವರ ಕೈಗೆ ಕೊಟ್ಟ.

ಅವರು ಮುಚ್ಚಳ ತೆಗೆದು ಮೂಸಿದರು. ಒಮ್ಮೆ ನನ್ನನ್ನು ನೋಡಿ ಮತ್ತೆ ಮೂಸಿದರು. ಅವರಿಗೆ ಬೊಂಬಾಯಿ ಹಿಂದಿ ಚೆನ್ನಾಗಿ ಬರುತ್ತಿತ್ತು. "ನಾನು ಹುಡುಗನಾಗಿದ್ದಾಗ ಖರ್ಜೂರದ ಹಡಗಿನಲ್ಲಿ ಬೊಂಬಾಯಿಗೆ ಹೋಗುತ್ತಿದ್ದೆ. ಬಂದರಿನ ಬೀದಿಗಳಲ್ಲಿ ಈ ವಾಸನೆ ಇರುತ್ತಿತ್ತು. ಇದು ಅದೇನಾ?"

"ಇದು ಪೆಟ್ರೋಲಿನ ಹಾಗೆ ಚಿಕ್ಕಪ್ಪ, ಇಂಧನ..." ಎಂದ ಖಲ್ಫಾನ್.

"ನಿನ್ನನ್ನು ಕೇಳಲಿಲ್ಲ. ಓದಿದವನನ್ನು ಕೇಳಿದೆ."

ಪಂಪ್ ಓಡುತ್ತಲೇ ಇತ್ತು. ಖಲ್ಫಾನ್ ಅವರಿಗೆ ಏನನ್ನೂ ಹೇಳಿಯೇ ಇರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಸುಳ್ಳು ಹೇಳಲು ನಾಲಗೆ ಏಳಲಿಲ್ಲ. "ಅದೇ. ಆದರೆ ಇದು ಎಂಜಿನ್ನಿಗೆ," ಎಂದೆ.

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೂ ಎದುರು ಸಿಟ್ಟಾಗಲು ಬರುತ್ತಿತ್ತು. "ಎಂಜಿನ್ ಕುಡಿಯಲಿ, ಪಾಪವಿಲ್ಲ," ಎಂದರು. "ಆದರೆ ನಾಳೆ ಪೊಲೀಸರು ಬಂದು ಇದು ಯಾರದು ಎಂದು ಕೇಳಿದರೆ? ಈ ನೆಲ ನನ್ನ ಹೆಸರಲ್ಲಿ. ಈ ಹುಡುಗ ನನ್ನ ಹೆಸರಲ್ಲಿ. ನೀನೂ ನನ್ನ ಹೆಸರಲ್ಲೇ ಇದ್ದೀ. ನನ್ನಲ್ಲಿ ಪರ್ಮಿಶನ್ನಿನ ಕಾಗದವಿಲ್ಲ. ಸಾಯುವ ವಯಸ್ಸಿನಲ್ಲಿ ಫಾರ್ಮಿನಲ್ಲಿ ಸಾರಾಯಿ ಕಾಯಿಸಿದೆ ಎನ್ನಿಸಿಕೊಳ್ಳಲಾ? ನೀನು ಜಾಣ. ನಿನ್ನ ಕೆಲಸ ಚೆನ್ನಾಗಿದೆ." ಮುಚ್ಚಳ ಹಾಕಿ ಬಾಟಲಿಯನ್ನು ನನ್ನ ಕೈಗಿಟ್ಟರು. "ಚೆಲ್ಲು. ಖಲಾಸ್."

ಇದನ್ನು ನೆನೆದಾಗೆಲ್ಲ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ. ಯಾರನ್ನು ಬೈಯುವುದು? ಮುದುಕರು ಹೇಳಿದ್ದು ನ್ಯಾಯ. ಬೇಸಿಗೆಯ ಆರಂಭದಲ್ಲೇ ಅವರ ಮನೆಗೆ ಹೋಗಿ ಒಂದು ಮಾತು ಹೇಳಿದ್ದರೆ ಅವರೇ ಪರ್ಮಿಶನ್ ತರಿಸುತ್ತಿದ್ದರೋ ಏನೋ. ಖಲ್ಫಾನನಿಗೆ ಅವರೆದುರು ಬಾಯಿ ತೆರೆಯಲು ಹೆದರಿಕೆ. ಓಡಿದ್ದನ್ನು ಕಣ್ಣಾರೆ ಕಂಡರೆ ಒಪ್ಪುತ್ತಾರೆ ಎಂದುಕೊಂಡಿದ್ದನಂತೆ. ಪಂಪ್ ಓಡದೆ ಹೋಗಿದ್ದರೆ ಬರುವ ವರ್ಷ ನೋಡೋಣ ಎನ್ನುತ್ತಿದ್ದರು. ಓಡಿತು, ಹಾಗಾಗಿ ಬಾಗಿಲು ಪೂರ್ತಿ ಮುಚ್ಚಿತು. ಇದಕ್ಕಿಂತ ಸೋತಿದ್ದರೆ ವಾಸಿಯಿತ್ತು.

ಡ್ರಮ್ಮಿನಲ್ಲಿದ್ದದ್ದನ್ನು, ಕ್ಯಾನಿನಲ್ಲಿದ್ದದ್ದನ್ನು, ಯೀಸ್ಟಿನ ಕೆಸರನ್ನು, ಎಲ್ಲವನ್ನೂ ಜೊಂಡಿನ ಬುಡಕ್ಕೇ ಸುರಿದೆವು. ಆ ಜಾಗದಲ್ಲಿ ಅದು ಉಳಿದ ಕಡೆಗಿಂತ ಹುಲುಸಾಗಿ ಬೆಳೆಯಿತು ಎಂದರೆ ಯಾರೂ ನಂಬುವುದಿಲ್ಲ. ನಾನು ದಿನವೂ ನೋಡುತ್ತಿದ್ದೆ.

ಸಹಿಯ ಮಾತೆತ್ತಿದಾಗ ಖಲ್ಫಾನ್, "ಈಗ ಚಿಕ್ಕಪ್ಪನ ಹತ್ತಿರ ಹೋಗುವ ಹಾಗಿಲ್ಲ. ಮುಂದಿನ ವರ್ಷ ಡಾಕ್ಟರ್, ಇನ್ಶಾ ಅಲ್ಲಾ," ಎಂದ. ಈ ಸಲ ಪಾಪ, ಜೀಪಿನಿಂದ ಇಳಿದು ಬಂದು ಹೇಳಿದ.

ವನಜ ಸೀರೆಗಳನ್ನು ಪೆಟ್ಟಿಗೆಗೆ ತುಂಬಿದಳು. ಮಸ್ಕತ್ತಿನ ಸೀಬ್ ವಿಮಾನ ನಿಲ್ದಾಣದವರೆಗೂ ದಾರಿಯುದ್ದಕ್ಕೆ ಮಗಳು ಅಂಗಡಿಗಳ ಬೋರ್ಡಿನ ಇಂಗ್ಲಿಷ್ ಅಕ್ಷರಗಳನ್ನು ಜೋರಾಗಿ ಓದುತ್ತ ಬಂದಳು. ಅಷ್ಟೂ ಅಕ್ಷರ ಕಲಿತಿದ್ದಳು. ಒಳಗೆ ಹೋಗುವ ಮುಂಚೆ ವನಜ, "ಫ್ರಿಜ್ಜಿನ ಹೆಪ್ಪು ನೋಡ್ಕೊಳ್ಳಿ, ಎರಡು ದಿನಕ್ಕೊಮ್ಮೆ ಹಾಲಿಗೆ ಹಾಕ್ಬೇಕು, ಬಿಟ್ರೆ ಹಾಳಾಗ್ತದೆ," ಎಂದಳು. ಅಳಲಿಲ್ಲ. ನಾನು ಪಾರ್ಕಿಂಗಿಗೆ ಬಂದು ಅತ್ತೆ.

ಆಮೇಲಿನ ವರ್ಷಗಳ ಕಥೆ ಉದ್ದ ಮಾಡುವಂಥದ್ದಲ್ಲ. ಖಲ್ಫಾನನ ಮುಂದಿನ ವರ್ಷ ಬರಲಿಲ್ಲ. ದೀಪಾ ಮೂಲ್ಕಿಯ ಅಜ್ಜನ ಮನೆಯಲ್ಲಿದ್ದು ಓದಿದಳು. ನಾನು ವರ್ಷಕ್ಕೊಮ್ಮೆ ರಜೆಯಲ್ಲಿ ಹೋಗಿ ಅವಳು ಎಷ್ಟು ಎತ್ತರವಾದಳೆಂದು ನೋಡಿ ಬರುತ್ತಿದ್ದೆ. ಕಳೆದ ಚಳಿಗಾಲ ದಾರ್ಸೈಟಿನ ಆ ಮನೆಯಲ್ಲಿ ಜುಲಿಯಾನಾಬಾಯಿ ಸಾನ್ನಾ ಬಡಿಸಿ, "ಇದು ಅದೇ ಹೆಪ್ಪು, ಒಂದು ಸಲವೂ ಬಿಡಲಿಲ್ಲ," ಎಂದರು. ಇಷ್ಟು ವರ್ಷದಲ್ಲಿ ಅದರಲ್ಲಿ ನನ್ನ ಯೀಸ್ಟ್ ಎಷ್ಟು ಉಳಿದಿದೆ, ದಾರ್ಸೈಟಿನ ಗಾಳಿಯದ್ದು ಎಷ್ಟು ಸೇರಿದೆ, ನಾನು ಹೇಳಲಾರೆ. ಚೆನ್ನಾಗಿ ಉಬ್ಬಿತ್ತು. ಎರಡು ತಿಂದೆ, ಸಿಟ್ಟಿನಲ್ಲೇ.

ನನಗೆ ಮರೆಯಲಾಗದ್ದು ಆ ಪಂಪಲ್ಲ. ಅವರು ಹೋದ ಮೇಲಿನ ಒಂದು ಸಂಜೆ. ಫಾರ್ಮಿನಿಂದ ಬಂದು ಅನ್ನ ಮಾಡಿಕೊಂಡು ಮೊಸರಿಗೆಂದು ಫ್ರಿಜ್ ತೆಗೆದೆ. ಬಟ್ಟಲಿನಲ್ಲಿ ಹಸಿರು ಬೂಸ್ಟು ಹಿಡಿದಿತ್ತು. ವನಜ ಹೇಳಿದ್ದ ಒಂದೇ ಒಂದು ಕೆಲಸವನ್ನು ನಾನು ಮರೆತಿದ್ದೆ. ಇನ್ನೂ ಬೆಳಕಿತ್ತು. ದೀಪ ಹಚ್ಚುವ ಹೊತ್ತಾಗಿಲ್ಲ ಎಂದು ಯಾಕೋ ನೋಡಿಕೊಂಡು, ಬಟ್ಟಲು ತೊಳೆದು, ಪಕ್ಕದ ಬಾಗಿಲು ತಟ್ಟಿದೆ.

"ಸ್ವಲ್ಪ ಹೆಪ್ಪು ಬೇಕಿತ್ತು," ಎಂದೆ.

ಜುಲಿಯಾನಾಬಾಯಿ ಬಟ್ಟಲು ಇಸಿದುಕೊಂಡು ಒಳಗೆ ಹೊರಟವರು ತಿರುಗಿ ನಿಂತರು. ಈ ಸಲ ನಗಲಿಲ್ಲ.

"ಯಾವುದು ಕೊಡ್ಲಿ ಸದಾನಂದಣ್ಣ? ನಿಮ್ದಾ, ಮೊಸರಿಂದಾ?"

"ಮೊಸರಿಂದು," ಎಂದೆ. "ಒಬ್ಬನಿಗೆ ಆಗುವಷ್ಟು."